ಶೃಂಗೇರಿಯವನ ಲ್ಯಾಪ್‌ಟಾಪ್

ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಹುಟ್ಟುತ್ತದೆ ಎಂದುಕೊಂಡವರಿಗೆ ಅದರ ಅನುಭವ ಇಲ್ಲ. ನನಗಂತೂ ಅದು ಶುರುವಾಗಿದ್ದು ಕಿವಿಯಲ್ಲಿ. ಶೃಂಗೇರಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಹೋಗಿದ್ದು ಫೋಟೋ ತೆಗೆಯಲು ಅಲ್ಲ, ಊಟಕ್ಕೆ. ಕೊಪ್ಪದಲ್ಲಿ ನನ್ನದೊಂದು ಸ್ಟುಡಿಯೋ ಇದೆ, ರೀಲಿನ ಕಾಲದಿಂದ ಈ ಸುತ್ತಿನ ಮದುವೆ ಮುಂಜಿಗಳಲ್ಲೆಲ್ಲ ಕ್ಯಾಮೆರಾ ಹಿಡಿದವನು ನಾನೇ ಎಂದು ಗೊತ್ತಿದ್ದೂ ಆ ನೆಂಟರು ಬೇರೆಯವನನ್ನು ಕರೆಸಿದ್ದರು. ಊಟ ಮುಗಿಸಿ ಕೈ ತೊಳೆಯಲು ಹೋದರೆ ನಲ್ಲಿಯ ಪಕ್ಕದಲ್ಲೇ ಒಂದು ಗುಂಪು. ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಬೆಳಿಗ್ಗೆ ಹೋಮಕ್ಕೆ ಕೂತ ದಂಪತಿಯ ಫೋಟೋ ಮಧ್ಯಾಹ್ನದ ಎಲೆ ಎತ್ತುವ ಮೊದಲೇ ಅದರಲ್ಲಿ ಒಂದಾದ ಮೇಲೊಂದು ಬರುತ್ತಿತ್ತು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಒಬ್ಬ ಅಜ್ಜಿ ಹೇಳಿದರು: "ಅಯ್ಯೋ, ಈಗ್ಲೇ ಬಂತನಾ! ಆ ಕೊಪ್ಪದವ್ರು ತೆಗೆದ್ರೆ ಮಗು ಹುಟ್ಟಿ ನಾಮಕರಣ ಆದ್ಮೇಲೆ ಮದುವೆ ಆಲ್ಬಮ್ ಬರೂದು!"

ಎಲ್ಲರೂ ನಕ್ಕರು. ಆ ಕೊಪ್ಪದವನು ಅವರ ಬೆನ್ನ ಹಿಂದೆಯೇ ನಿಂತಿದ್ದೇನೆ ಎಂದು ಗೊತ್ತಿದ್ದವರು ಇನ್ನೂ ಜೋರಾಗಿ ನಕ್ಕರು. ನನ್ನ ಎರಡೂ ಕಿವಿ ಕಾದು ಕೆಂಪಾದವು.

ಲ್ಯಾಪ್‌ಟಾಪಿನ ಮಾಲೀಕ ನನಗಿಂತ ಹತ್ತಾರು ವರ್ಷ ಚಿಕ್ಕವನು. ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜುಗಳ ಸಾಲಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟಿದ್ದ. ನನ್ನನ್ನು ಕಂಡ ಕೂಡಲೇ "ಅಣ್ಣ, ಬನ್ನಿ, ನೀವೂ ನೋಡಿ" ಎಂದು ಜಾಗ ಬಿಡಿಸಿದ. ದುರಹಂಕಾರದಿಂದ ಕರೆದಿದ್ದರೆ ಒಂದು ನಮೂನೆ ಸಮಾಧಾನ ಆಗುತ್ತಿತ್ತು. ನಿಜವಾಗಿಯೂ ಪ್ರೀತಿಯಿಂದ ಕರೆದ, ಮುಂಡೇದು. "ಬಸ್ಸಿಗೆ ಹೊತ್ತಾಯ್ತು ಮಾರಾಯ" ಎಂದು ಎಲೆ ಅಡಿಕೆಯನ್ನೂ ತೆಗೆದುಕೊಳ್ಳದೆ ಹೊರಟೆ. ಬಸ್ಸು ಬರಲು ಇನ್ನೂ ಎಷ್ಟೋ ಹೊತ್ತಿತ್ತು. ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತು ಬೇಯುತ್ತಿದ್ದೆ.

ಅವತ್ತಿನಿಂದ ಮನಸ್ಸಿನಲ್ಲಿ ಒಂದು ಸಿದ್ಧಾಂತ ಮಾಡಿಕೊಂಡೆ. ಇವನದ್ದು ಏನೂ ಇಲ್ಲ, ಎಲ್ಲ ಆ ಪೆಟ್ಟಿಗೆಯ ಮಹಿಮೆ. ಜನಕ್ಕೆ ಫೋಟೋ ಬೇಕಾಗಿಲ್ಲ, ಬೇಗ ಬೇಕು. ಸಿನಿಮಾ ತೋರಿಸಿದ ಹಾಗೆ ತೋರಿಸುತ್ತಾನೆ, ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಈ ಸಿದ್ಧಾಂತ ನನಗೆ ಎಷ್ಟು ಹಿಡಿಸಿತೆಂದರೆ, ಅದು ಕೆಡಬಾರದೆಂದು ಅವನ ಫೋಟೋಗಳನ್ನು ನೋಡುವುದನ್ನೇ ಬಿಟ್ಟೆ. ಬೇರೆ ಬೇರೆ ಮದುವೆಗಳಲ್ಲಿ ಅವನ ಸ್ಟೂಲು, ಲ್ಯಾಪ್‌ಟಾಪು, ಗುಂಪು ಎಲ್ಲ ಕಂಡಾಗ ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ.

ನನ್ನಲ್ಲೂ ಕಂಪ್ಯೂಟರ್ ಇರಲಿಲ್ಲವೆಂದಲ್ಲ. ಡಿಜಿಟಲ್ ಬಂದ ಮೇಲೆ ಶಿವಮೊಗ್ಗದಿಂದ ತಂದಿದ್ದೆ. ಹಿಂದುಗಡೆ ಇಷ್ಟುದ್ದ ಚಾಚಿದ ಮಾನಿಟರು, ಆಯುಧಪೂಜೆಯ ಕುಂಕುಮ ಇನ್ನೂ ಹೋಗದ ಸಿಪಿಯು, ಎರಡಕ್ಕೂ ಹೆಂಡತಿ ಹೊಲಿದ ಗವುಸು. ಅದನ್ನು ಹೊತ್ತು ಮದುವೆಮನೆಗೆ ಹೋಗಲಿಕ್ಕಾಗುತ್ತದೆಯೇ? "ಒಂದು ಲ್ಯಾಪ್‌ಟಾಪ್ ತಗೊಳಿ ಮತ್ತೆ" ಎಂದು ಹೆಂಡತಿ ಅಂದಿದ್ದಳು. ನನಗೆ ಮೈ ಉರಿಯಿತು. "ಅವ ತಗೊಂಡ ಅಂತ ನಾನು ತಗೊಳ್ಳಬೇಕಾ? ನಾ ಎಂತ ಮಂಗನಾ?" ಎಂದೆ. ಅವಳು ನನ್ನ ಮುಖ ನೋಡಿ, ಮಂಗ ಅಲ್ಲ ಎಂದು ಹೇಳುವ ಕಷ್ಟವನ್ನೂ ತೆಗೆದುಕೊಳ್ಳದೆ ಒಳಗೆ ಹೋದಳು.

ಹೀಗಿರುವಾಗ ಅಕ್ಕನ ಕಿರಿಮಗಳ ಮದುವೆ ನಿಶ್ಚಯವಾಯಿತು. ಅಕ್ಕನನ್ನು ಕೊಟ್ಟಿದ್ದು ಹಿರೇಕೊಡಿಗೆಗೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ನನಗೆ ಮಕ್ಕಳಿಲ್ಲ. ಕಿರಿಯವಳು ಹೈಸ್ಕೂಲು ಓದಿದ್ದು ಕೊಪ್ಪದಲ್ಲಿ, ನಮ್ಮ ಮನೆಯಲ್ಲಿದ್ದುಕೊಂಡು. ಅವಳ ಮೊದಲ ಫೋಟೋ ತೆಗೆದವನು ನಾನು, ತೊಟ್ಟಿಲಲ್ಲಿ. ಶಾಲೆಯ ಪಾಸ್‌ಪೋರ್ಟ್ ಸೈಜಿನಿಂದ ಹಿಡಿದು ಹುಡುಗನ ಮನೆಗೆ ಕಳಿಸಿದ ಸೀರೆಯುಟ್ಟ ಫೋಟೋದವರೆಗೆ ಎಲ್ಲ ನನ್ನ ಕೈಯಲ್ಲೇ ಆದದ್ದು. ಗಂಡಿನವರು ನರಸಿಂಹರಾಜಪುರದವರು, ಮದುವೆಯೂ ಅಲ್ಲಿಯ ಕಲ್ಯಾಣಮಂಟಪದಲ್ಲೇ ಎಂದಾಯಿತು. ನಾನು ಆಗಲೇ ಮನಸ್ಸಿನಲ್ಲಿ ಆ ಮಂಟಪದ ಕಿಟಕಿ ಯಾವ ಕಡೆ ಇದೆ, ಬೆಳಿಗ್ಗೆ ಬೆಳಕು ಎಲ್ಲಿಂದ ಬೀಳುತ್ತದೆ ಎಂದು ಲೆಕ್ಕ ಹಾಕಿಯಾಗಿತ್ತು.

ಒಂದು ಭಾನುವಾರ ಅಕ್ಕ ಊಟಕ್ಕೆ ಕರೆದಳು. ಬಾಳೆಎಲೆ ಹಾಕಿ, ಹಲಸಿನ ಹಣ್ಣಿನ ಕಡುಬು ಮಾಡಿದ್ದಳು. ನಮ್ಮಕ್ಕ ಸುಮ್ಮನೆ ಕಡುಬು ಮಾಡುವವಳಲ್ಲ. ಊಟ ಮುಗಿಯುತ್ತಲೇ ಮಗಳನ್ನು ಮುಂದೆ ಬಿಟ್ಟಳು.

"ಮಾವ, ಒಂದು ಮಾತು. ಸಿಟ್ಟು ಮಾಡ್ಕೊಬಾರ್ದು."

"ನಾ ಯಾವಾಗ ಸಿಟ್ಟು ಮಾಡಿದೆ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಅಕ್ಕನ ಮದುವೇಲಿ ಅವಳನ್ನ ಮಂಟಪಕ್ಕೆ ಕರ್ಕೊಂಡು ಬಂದಿದ್ದು ಯಾರು ಹೇಳಿ?"

ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ದೊಡ್ಡವಳ ಮದುವೆಯಲ್ಲಿ ನಾನು ಕ್ಯಾಮೆರಾ ಬಿಟ್ಟುಕೊಡಲಿಲ್ಲ. ದೂರದ ಸಂಬಂಧದ ಒಬ್ಬ ಮಾವನನ್ನು ಹುಡುಕಿ ಆ ಕೆಲಸಕ್ಕೆ ನಿಲ್ಲಿಸಿದ್ದರು.

"ನೀವು ಹಿಮ್ಮುಖವಾಗಿ ನಡೀತಾ 'ಈ ಕಡೆ ನೋಡು, ಗಲ್ಲ ಎತ್ತು, ಗಲ್ಲ ಎತ್ತು' ಅಂತಿದ್ರಿ. ಅಕ್ಕ ಆಮೇಲೆ ಅತ್ತಿದ್ದು ಗೊತ್ತುಂಟಾ ನಿಮಗೆ? ನನ್ನ ಮದುವೇಲಿ ಹಾಗಾಗೂದು ಬೇಡ. ನೀವು ಕ್ಯಾಮೆರಾ ಹಿಡಿದ್ರೆ ನನ್ನ ಕೈ ಹಿಡಿಯೋರು ಯಾರು ಮಾವ? ಫೋಟೋ ಯಾರಾದ್ರೂ ತೆಗೀಲಿ."

"ಯಾರಾದ್ರೂ ಅಂದ್ರೆ ಯಾರು?"

ಅವಳು ತಾಯಿಯ ಮುಖ ನೋಡಿದಳು. ಅಕ್ಕ ಖಾಲಿ ಪಾತ್ರೆಯೊಳಗೆ ಸೌಟು ಆಡಿಸುತ್ತಾ, "ಶೃಂಗೇರಿಯವ್ರು ಅಡ್ಡಿಲ್ಲ ಅಂತಾರೆ. ಅವತ್ತೇ ಲ್ಯಾಪ್‌ಟಾಪಲ್ಲಿ ತೋರಿಸ್ತಾರಂತೆ" ಎಂದಳು.

ಹುಡುಗಿ ನನ್ನ ಕೈ ಬೇಕು ಎಂದಿದ್ದಳು. ನನಗೆ ಕೇಳಿಸಿದ್ದು ಲ್ಯಾಪ್‌ಟಾಪ್ ಮಾತ್ರ. "ಆಯ್ತು ಬಿಡಿ, ನಿಮಗೆ ಹ್ಯಾಗೆ ಬೇಕೋ ಹಾಗೆ" ಎಂದೆ. ಈ ಮಾತನ್ನು ನಮ್ಮ ಕಡೆ ಒಪ್ಪಿಗೆ ಇರುವವರು ಯಾರೂ ಹೇಳುವುದಿಲ್ಲ. ದಾರಿಯುದ್ದಕ್ಕೂ ಜೊತೆಗೆ ಬಂದಿದ್ದ ಹೆಂಡತಿಯ ಮೇಲೆ ರೇಗಿದೆ. ಅವಳಾದರೂ ಎಂತ ಮಾಡಿದ್ದಳು ಪಾಪ.

ಮದುವೆಯ ದಿನ ಜರಿಯಂಚಿನ ಪಂಚೆ, ಹೆಗಲ ಮೇಲೆ ಶಲ್ಯ. ಕೈ ಖಾಲಿ. ಅಷ್ಟು ವರ್ಷ ಮದುವೆಮನೆಗಳಲ್ಲಿ ಓಡಾಡಿದವನಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದೆ, ಯಜಮಾನಿಕೆ ಮಾಡುವವನ ಹಾಗಾಯಿತು. ಮುಂದೆ ಕಟ್ಟಿದೆ, ಸಾವಿನ ಮನೆಗೆ ಬಂದವನ ಹಾಗಾಯಿತು. ಅವನೋ, ಇಡೀ ಮಂಟಪ ತನ್ನದೇ ಎಂಬಂತೆ ಕುರ್ಚಿ ಹತ್ತಿ, ಕಂಬ ಬಳಸಿ, ಅಡುಗೆಮನೆಗೂ ನುಗ್ಗಿ ಫೋಟೋ ತೆಗೆಯುತ್ತಿದ್ದ. ಅಡುಗೆಮನೆಯಲ್ಲಿ ಎಂತ ಫೋಟೋ ಮಾರಾಯ್ರೆ? ಒಗ್ಗರಣೆಯದ್ದಾ? ವೀಡಿಯೋ ಬೇಡ, ಯಾರು ಕೂತು ನೋಡುತ್ತಾರೆ ಎಂದು ಭಾವ ಮೊದಲೇ ಹೇಳಿದ್ದರಿಂದ ಮಂಟಪದಲ್ಲಿ ಅವನಿಗೆ ಅಡ್ಡ ಬರುವವರೂ ಯಾರೂ ಇರಲಿಲ್ಲ.

ಮುಹೂರ್ತ ಹತ್ತಿರ ಬಂತು. ಪುರೋಹಿತರು "ಸೋದರಮಾವ ಎಲ್ಲಿ? ಹುಡುಗಿಯನ್ನ ಕರ್ಕೊಂಡು ಬನ್ನಿ" ಎಂದರು. ಕೋಣೆಯೊಳಗೆ ಹೋದೆ. ಅವಳು ಎದ್ದು ನನ್ನ ಕೈ ಹಿಡಿದುಕೊಂಡಳು. ಅಂಗೈ ತಣ್ಣಗಿತ್ತು. ಬಾಗಿಲು ದಾಟಿ ಹೊರಗೆ ಬಂದರೆ ಎದುರಿಗೆ ಅವನು, ಕ್ಯಾಮೆರಾ ಏರಿಸಿ ನಿಂತಿದ್ದಾನೆ. ಅದೂ ಎಲ್ಲಿ? ಕಿಟಕಿ ನಮ್ಮ ಬೆನ್ನಿಗೆ ಬರುವ ಹಾಗೆ! ಮುಖಗಳೆಲ್ಲ ಕಪ್ಪಾಗುತ್ತವೆ, ಹೆಣ್ಣಿನ ಮುಖವೇ ಕಾಣದು, ಈ ಗೂಬೆಗೆ ಅಷ್ಟೂ ತಿಳಿಯುವುದಿಲ್ಲವಾ ಎಂದು ನನ್ನ ಒಳಗೆಲ್ಲ ಬೆಂಕಿ. ಎಡಕ್ಕೆ ಬಾ, ಎಡಕ್ಕೆ ಬಾ ಎಂದು ಕಣ್ಣಲ್ಲೇ ಹೇಳಿದೆ. ಅವನು ಅಲ್ಲಾಡಲಿಲ್ಲ. ಅಷ್ಟರಲ್ಲಿ ಮಂಟಪ ಬಂತು, ವಾದ್ಯ ಜೋರಾಯಿತು, ಅವಳ ಕೈ ನನ್ನ ಕೈಯಿಂದ ಹೋಯಿತು.

ಮಧ್ಯಾಹ್ನ ಯಥಾಪ್ರಕಾರ ಸ್ಟೂಲು, ಲ್ಯಾಪ್‌ಟಾಪು, ಜಾತ್ರೆ. ಮದುಮಗಳೇ ಗಂಡನ ಜೊತೆ ಬಂದು ನೋಡಿ ಚಪ್ಪಾಳೆ ತಟ್ಟಿದಳು. "ಮಾವನ್ನ ಕರೀರಿ, ಮಾವ ನೋಡ್ಬೇಕು" ಎಂದು ಕೂಗಿದ್ದು ನನಗೆ ಕೇಳಿಸಿತು. ನಾನು ಅಡುಗೆಯವರ ಕಡೆ ಹೋಗಿ, ಕೊನೆಯ ಪಂಕ್ತಿಗೆ ಸಾರು ಸಾಕಾಗುತ್ತದಾ ಎಂದು ವಿಚಾರಿಸುತ್ತಾ ನಿಂತೆ. ಸಾರು ಧಾರಾಳವಾಗಿತ್ತು.

ಮದುವೆಯಾದ ಮೂರನೆಯದೋ ನಾಲ್ಕನೆಯದೋ ದಿನ ಅಂಗಡಿಯ ಫೋನು ಬಡಿದುಕೊಂಡಿತು. ಅಕ್ಕ. ಅಳುತ್ತಿದ್ದಳು.

"ಫೋಟೋ ಎಲ್ಲ ಹೋಯ್ತಂತೆ! ಒಂದೂ ಇಲ್ವಂತೆ! ಅವನ ಲ್ಯಾಪ್‌ಟಾಪ್ ಸತ್ತೇ ಹೋಯ್ತಂತೆ. ಎಂತದೋ ಅಪ್‌ಡೇಟ್ ಬಂತಂತೆ, ಹಾಕಿದ್ನಂತೆ, ಆಮೇಲೆ ಏಳ್ಲೇ ಇಲ್ವಂತೆ. ಮಗು ಅನ್ನ ಬಿಟ್ಟು ಕೂತಿದ್ದಾಳೆ ಮಾರಾಯ!"

"ಅಯ್ಯೋ ದೇವರೇ" ಎಂದೆ. ಬಾಯಿ ಅಷ್ಟು ಹೇಳಿತು. ಹೊಟ್ಟೆಯೊಳಗೆ ಮಜ್ಜಿಗೆ ಕುಡಿದಷ್ಟು ತಂಪಾಯಿತು. ಸುಳ್ಳು ಯಾಕೆ ಹೇಳಲಿ? ಸತ್ತಿತು! ಊರೂರು ಸುತ್ತಿ ಮೆರೆದಿದ್ದು ಸತ್ತಿತು! ಫೋನಿಟ್ಟು ತಿರುಗಿದರೆ, ಅಂಗಡಿಯ ಹಿಂದೆಯೇ ಇದ್ದ ಮನೆಯಿಂದ ಬಂದ ಹೆಂಡತಿ ಕಾಫಿ ಹಿಡಿದು ನಿಂತಿದ್ದಳು. "ಎಂತ, ನಿಮ್ಮ ಮುಖದಲ್ಲಿ ದೀಪಾವಳಿ?" ಎಂದಳು. ವಿಷಯ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಹಾಗಾದ್ರೆ ನಮ್ಮ ಕೂಸಿನ ಮದುವೇದು ಒಂದು ಫೋಟೋನೂ ಇಲ್ವಾ?" ಎಂದಳು. ಆಗ ಸ್ವಲ್ಪ ತಂಪು ಇಳಿಯಿತು. ಫೋನಿನಲ್ಲಿ ಕ್ಯಾಮೆರಾ ಇದ್ದ ಇಬ್ಬರೋ ಮೂವರೋ ಮದುವೆಗೆ ಬಂದಿದ್ದರು, ಆದರೆ ಆ ಕಾಲದ ಫೋನುಗಳಲ್ಲಿ ಬೀಳುತ್ತಿದ್ದುದು ಅಂಗೈಯಷ್ಟು ಮಸುಕು. ಅದರಲ್ಲಿ ಹೆಣ್ಣು ಯಾರು, ಪುರೋಹಿತರು ಯಾರು ಎಂದು ಹೇಳಲಿಕ್ಕೂ ಕಷ್ಟ.

ಮರುದಿನ ಬೆಳಿಗ್ಗೆ ಅವನೇ ಬಂದ. ಶೃಂಗೇರಿಯ ಮೊದಲ ಬಸ್ಸಿನಲ್ಲಿ ಬಂದಿರಬೇಕು. ಬಟ್ಟೆಯ ಚೀಲದಲ್ಲಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಅಂಗಡಿಯ ಮೆಟ್ಟಿಲ ಕೆಳಗೇ ನಿಂತ. ಗಡ್ಡ ಬಂದಿತ್ತು.

"ಅಣ್ಣ, ಶಿವಮೊಗ್ಗಕ್ಕೆ ತಗೊಂಡು ಹೋಗಿದ್ದೆ. ಫಾರ್ಮ್ಯಾಟ್ ಮಾಡ್ಬೇಕು, ಒಳಗಿರೂದೆಲ್ಲ ಹೋಗ್ತದೆ ಅಂದ್ರು. ಬೇಡ ಅಂತ ಕೈಕಾಲು ಹಿಡಿದೆ. ಆಮೇಲೆ ಅವ್ರೇ ಅಂದ್ರು, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟ್ರಿಗೆ ಹಾಕಿ ನೋಡ್ಬಹುದು, ಅದಕ್ಕೆ ಹಾಕೂ ಪೆಟ್ಟಿಗೆ ನಮ್ಮಲ್ಲಿದ್ದಿದ್ದು ಕೊಪ್ಪದವ್ರಿಗೆ ಮಾರಿ ಆಯ್ತು ಅಂತ. ನಿಮ್ಮ ಹೆಸರೇ ಹೇಳಿದ್ರು."

ಹೌದು, ಡಿಸ್ಕ್ ಕೂರಿಸಿ ಕಂಪ್ಯೂಟರಿಗೆ ವೈರು ಚುಚ್ಚುವ ಆ ಸಣ್ಣ ಪೆಟ್ಟಿಗೆ ನನ್ನಲ್ಲಿತ್ತು. ಹಿಂದೊಮ್ಮೆ ನನ್ನ ಕಂಪ್ಯೂಟರೂ ಮುಷ್ಕರ ಹೂಡಿದಾಗ ತಂದಿದ್ದೆ. ಆದರೆ ಅಷ್ಟು ಸುಲಭಕ್ಕೆ ತೆಗೆಯುತ್ತೇನೆಯೇ? ಕುರ್ಚಿ ತೋರಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು, "ಎಂತಾಯ್ತು ಸರಿಯಾಗಿ ಹೇಳು ಮಾರಾಯ" ಎಂದೆ.

ಮದುವೆ ಮುಗಿಸಿ ಸಂಜೆ ಮನೆಗೆ ಹೋದನಂತೆ. ಕ್ಯಾಮೆರಾದ ಕಾರ್ಡುಗಳಲ್ಲಿದ್ದುದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ, ಕಾರ್ಡು ಖಾಲಿ ಮಾಡಿದನಂತೆ, ಮಾರನೆಯ ದಿನ ಬಸರೀಕಟ್ಟೆಯಲ್ಲಿ ಇನ್ನೊಂದು ಮುಂಜಿ ಇತ್ತು. ಗಂಡಿನ ಕಡೆಯವರ ಯಾರಿಗೋ ಎರಡು ಫೋಟೋ ಮೇಲ್ ಮಾಡಬೇಕೆಂದು ಇಂಟರ್ನೆಟ್ ಹಾಕಿದ. ಹಾಕಿದ್ದೇ ಅಪ್‌ಡೇಟ್ ಬಂದಿದೆ, ಹಾಕಲೇ ಎಂದು ಅದು ಕೇಳಿತು. ಒಳ್ಳೆಯದೇ ಇರಬೇಕು ಎಂದು ಒತ್ತಿದ. ಕೆಲಸ ಮುಗಿಯುವವರೆಗೆ ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬಂತು. ಆಗಲಿ ಎಂದು ಸ್ನಾನಕ್ಕೆ ಹೋದ. ಅಷ್ಟರಲ್ಲಿ ಗುಡುಗಿತು.

ಗುಡುಗಿದರೆ ನಮ್ಮ ಕಡೆ ಎಂತ ಮಾಡುತ್ತಾರೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳ ಸಂಜೆ ದೂರದ ಗುಡ್ಡದಲ್ಲಿ ಒಂದು ಸಲ ಗುಡುಗಿದರೂ ಸಾಕು, ಮನೆಯಲ್ಲಿ ಕೂತವರೆಲ್ಲ ಏಳುತ್ತಾರೆ. ಒಬ್ಬರು ಟೀವಿಗೆ, ಒಬ್ಬರು ಫೋನಿನ ವೈರಿಗೆ, ಒಬ್ಬರು ಫ್ರಿಜ್ಜಿಗೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತು ನೆಲಕ್ಕೆ ಹಾಕಬೇಕು. ಸಿಡಿಲಿಗೆ ಟೀವಿ ಸುಟ್ಟುಕೊಳ್ಳದ ಮನೆ ಈ ಸೀಮೆಯಲ್ಲೇ ಇಲ್ಲ. ಅವನ ತಾಯಿ ಎಲ್ಲ ಕಿತ್ತು, ಕೊನೆಗೆ ಮಗನ ಲ್ಯಾಪ್‌ಟಾಪಿನದ್ದನ್ನೂ ಜಾಗ್ರತೆಯಿಂದ ಕಿತ್ತು, ವೈರು ಸುತ್ತಿ ಮೇಜಿನ ಮೇಲಿಟ್ಟರಂತೆ.

"ಕಿತ್ರೆ ಎಂತಾಯ್ತು? ಅದರಲ್ಲಿ ಬ್ಯಾಟ್ರಿ ಇರ್ತದಲ್ಲ?"

ಅವನು ತಲೆ ತಗ್ಗಿಸಿದ. "ಬ್ಯಾಟ್ರಿ ಬೀರುವಲ್ಲಿತ್ತು ಅಣ್ಣ."

"ಬೀರುವಲ್ಲಾ?"

"ಸುಮ್ಮನೆ ಸವೀತದೆ ಅಂತ... ಮನೇಲಿ ಕರೆಂಟಲ್ಲೇ ನಡೆಸ್ತಿದ್ದೆ. ಬ್ಯಾಟ್ರಿ ಕವರಲ್ಲಿ ಸುತ್ತಿ, ಮದುವೆಗೆ ಹೋಗುವಾಗ ಮಾತ್ರ ಹಾಕ್ತಿದ್ದೆ."

ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆದರೆ ನಗುವಾಗಲೇ ಕಣ್ಣು ನನ್ನ ಮೇಜಿನ ಮೇಲಿದ್ದ ಟೀವಿ ರಿಮೋಟಿನ ಮೇಲೆ ಬಿತ್ತು. ತಂದ ದಿನದ ಪ್ಲಾಸ್ಟಿಕ್ ಕವರು ಅದರ ಮೇಲೆ ಇನ್ನೂ ಇತ್ತು. ಅದನ್ನು ಮೆಲ್ಲಗೆ ಪೇಪರಿನ ಅಡಿಗೆ ಸರಿಸಿದೆ. ಹೆಂಡತಿ ಒಳಗಿಂದ ಕಾಫಿ ತಂದು ಅವನ ಕೈಗೆ ಕೊಟ್ಟು, "ಕುಡಿ ಮಗಾ. ಇವರು ಮಾಡ್ತಾರೆ" ಎಂದಳು. ಮಾಡುತ್ತೇನೆಂದು ನಾನು ಹೇಳಿಯೇ ಇರಲಿಲ್ಲ.

ಚೀಲ ಬಿಚ್ಚಿ ಒಮ್ಮೆ ಆನ್ ಮಾಡಿ ನೋಡಿದೆ. ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರದ ಒಂದು ಸಾಲು, ತಾನಾಗಿಯೇ ಆರಿ ಮತ್ತೆ ಅದೇ ಸಾಲು. ಊರೆಲ್ಲ ಬಾಯಿ ಬಿಟ್ಟು ನೋಡಿದ್ದು ಇದನ್ನಾ ಎನ್ನಿಸಿತು. ಅಡಿಯ ಸ್ಕ್ರೂ ಬಿಚ್ಚಿ ಡಿಸ್ಕ್ ತೆಗೆದೆ, ಸಣ್ಣದು, ಸೋಪಿನ ಬಿಲ್ಲೆಗಿಂತ ತೆಳ್ಳಗೆ. ಪೆಟ್ಟಿಗೆಯೊಳಗೆ ಕೂರಿಸಿ, ನನ್ನ ಕಂಪ್ಯೂಟರಿನ ಗವುಸು ತೆಗೆದು ಜೋಡಿಸಿದೆ. ನನ್ನದಕ್ಕೆ ಇಂಟರ್ನೆಟ್ಟೇ ಇರಲಿಲ್ಲ. ಹಾಗಾಗಿ ಅಪ್‌ಡೇಟು ಅದರ ತಂಟೆಗೆ ಬರುವ ಪ್ರಶ್ನೆಯೇ ಇರಲಿಲ್ಲ. ಕುಂಕುಮ ಹಚ್ಚಿಕೊಂಡ ಮುತ್ತೈದೆ ಅದು, ಗುರುಗುಟ್ಟುತ್ತಾ ಎದ್ದಿತು.

ಡಿಸ್ಕು ತೆರೆಯಿತು. ಅಪ್‌ಡೇಟು ಕೆಡಿಸಿದ್ದು ಲ್ಯಾಪ್‌ಟಾಪ್ ಏಳುವ ದಾರಿಯನ್ನು ಮಾತ್ರ. ಫೋಟೋಗಳು ಇಟ್ಟಲ್ಲೇ ಇದ್ದವು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ "ಅಕ್ಕಂಗೆ ಫೋನ್ ಮಾಡಿ ಹೇಳಿ ಬರ್ತೇನೆ ಅಣ್ಣ, ಇಲ್ಲಿ ನಂಗೆ ಸಿಗ್ನಲ್ ಇಲ್ಲ" ಎಂದು, ಅಂಗಡಿಯ ಫೋನು ಎದುರಿಗೇ ಇದ್ದದ್ದನ್ನೂ ಗಮನಿಸದೆ ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಅಕ್ಕಂಗೆ ಅಂತೆ! ನಮ್ಮಕ್ಕ ಇವನಿಗೆ ಯಾವಾಗ ಅಕ್ಕ ಆದಳು?

ನಾನು ಒಬ್ಬನೇ ಕೂತೆ. ಕಾಪಿ ಹಾಕಬೇಕಿತ್ತು, ಹಾಕುವ ಮೊದಲು ಒಂದನ್ನು ತೆರೆದೆ, ಎಷ್ಟು ಕೆಟ್ಟದಾಗಿ ಬಂದಿದೆ ನೋಡೋಣವೆಂದು.

ಮೊದಲು ಸಿಕ್ಕಿದ್ದು ಅಡುಗೆಮನೆಯದ್ದು. ಧಾರೆಯ ಹೊತ್ತಿನದಿರಬೇಕು. ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಒರಗಿ ಮಂಟಪದ ಕಡೆ ನೋಡುತ್ತಿದ್ದಾರೆ, ಒಬ್ಬ ಹೆಂಗಸು ಹೊಗೆಗೋ ಅಳುವಿಗೋ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಒಗ್ಗರಣೆಯ ಫೋಟೋ ಅಲ್ಲ ಅದು. ಇನ್ನೊಂದರಲ್ಲಿ ಭಾವ ಮಗಳನ್ನು ಧಾರೆಯೆರೆದು ಕೊಟ್ಟ ಮೇಲೆ ಕೈಯ ನೀರನ್ನು ಪಂಚೆಗೆ ಒರೆಸಲೋ ಬೇಡವೋ ಎಂದು ಹಾಗೇ ಹಿಡಿದುಕೊಂಡು ನಿಂತಿದ್ದರು. ಮತ್ತೊಂದರಲ್ಲಿ ಅಕ್ಕನ ಸೆರಗಿನ ತುದಿ, ಅದನ್ನು ಹಿಡಿದ ಮದುಮಗಳ ಅರಿಸಿನದ ಬೆರಳು, ಅಷ್ಟೇ. ಮುಖವೇ ಇಲ್ಲ. ಮುಖವಿಲ್ಲದ ಫೋಟೋ ತೆಗೆಯಲು ನನಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಧೈರ್ಯ ಬಂದಿರಲಿಲ್ಲ.

ನೋಡುತ್ತಾ ಹೋದೆ. ನನ್ನ ಹಳೆಯ ಮಾನಿಟರಿನಲ್ಲಿ, ಅಂಚಿನಲ್ಲಿ ಬಣ್ಣ ಕೆಟ್ಟು ನೀಲಿಯಾಗಿದ್ದ ಅದೇ ಪರದೆಯಲ್ಲಿ ನೋಡುತ್ತಿದ್ದೆ. ಲ್ಯಾಪ್‌ಟಾಪು ಪಕ್ಕದಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಹೊಗಳಿಕೆಯನ್ನೆಲ್ಲ ಅದರ ತಲೆಗೆ ಕಟ್ಟಿ ನೆಮ್ಮದಿಯಿಂದ ಇದ್ದೆನಲ್ಲ, ಈಗ ಎಂತ ಹೇಳುವುದು? ಲ್ಯಾಪ್‌ಟಾಪು ಸತ್ತ ಮೇಲೂ ಫೋಟೋಗಳು ಚೆನ್ನಾಗಿಯೇ ಇದ್ದವು. ಲ್ಯಾಪ್‌ಟಾಪಾದರೆ ನಾಳೆ ನಾನೂ ತರಬಹುದಿತ್ತು. ಇದನ್ನು ಎಲ್ಲಿಂದ ತರುವುದು? ಅವತ್ತು ಆದ ಹೊಟ್ಟೆಕಿಚ್ಚಿನ ಮುಂದೆ ಗೃಹಪ್ರವೇಶದ ದಿನದ್ದು ಬರೀ ಬೂದಿ.

ಆಮೇಲೆ ಅದು ಬಂತು. ನಾನು ಅವಳನ್ನು ಕರೆತರುವ ಫೋಟೋ.

ಕಿಟಕಿ ನಮ್ಮ ಬೆನ್ನಿಗಿತ್ತು. ಮುಖ ಕಪ್ಪಾಗಿರಲಿಲ್ಲ. ಬೆಳಕು ಹಿಂದಿನಿಂದ ಬಂದು ಅವಳ ಮುಡಿಯ ಮಲ್ಲಿಗೆಯ ಸುತ್ತ, ಕೆನ್ನೆಯ ಅಂಚಿನಲ್ಲಿ ತೆಳ್ಳಗೆ ನಿಂತಿತ್ತು. ಅವನು ಎಡಕ್ಕೆ ಬಂದಿದ್ದರೆ ಅದು ಸಿಗುತ್ತಿರಲಿಲ್ಲ, ಕ್ಯಾಮೆರಾ ನನ್ನ ಕೈಯಲ್ಲಿದ್ದಿದ್ದರೆ ನಾನು ಎಡಕ್ಕೇ ಬರುತ್ತಿದ್ದೆ. ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ತುಟಿ ನಗುತ್ತಿತ್ತು. ಹುಟ್ಟಿದಾಗಿನಿಂದ ಅವಳ ಫೋಟೋ ತೆಗೆದವನು ನಾನು, ಆ ಮುಖ ನಾನು ಕಂಡಿದ್ದೇ ಅಲ್ಲ. ಹೇಗೆ ಕಾಣಲಿ? ಆ ಹೊತ್ತಿಗೆ ನಾನು ಅವಳನ್ನು ನೋಡುತ್ತಲೇ ಇರಲಿಲ್ಲ. ಹುಬ್ಬು ಗಂಟಿಕ್ಕಿ, ಕತ್ತು ಚಾಚಿ, ಎದುರಿನ ಕ್ಯಾಮೆರಾವನ್ನು ದುರುಗುಟ್ಟುತ್ತಿದ್ದೆ.

ಮುಂದಿನದರಲ್ಲಿ ಸರಿಯಾಗಿರಬಹುದೆಂದು ಒತ್ತಿದೆ. ಅದರಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಬಾಗಿಲಿಂದ ಮಂಟಪದವರೆಗೆ ಅವಳು ನನ್ನ ಕಡೆ, ನಾನು ಅವನ ಕಡೆ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಡಿಸ್ಕಿನಲ್ಲಿ ಇದ್ದದ್ದೆಷ್ಟು, ಹೋದದ್ದೆಷ್ಟು ಎಂದು ಗೊತ್ತಿದ್ದವನು ನಾನೊಬ್ಬನೇ. ಅಪ್‌ಡೇಟಿನಲ್ಲಿ ಇವಿಷ್ಟು ಕೆಟ್ಟುಹೋದವು ಎಂದರೆ ಕೇಳುವವರು ಯಾರು? ಒಂದು ಗುಂಡಿ ಒತ್ತಿದರೆ ಮುಗಿಯಿತು. ಬೆರಳು ಅಲ್ಲಿಯೇ ಇತ್ತು. ಆದರೆ ಅಳಿಸಿದರೆ ನನ್ನ ಮುಖದ ಜೊತೆಗೆ ಅವಳ ಆ ಮುಖವೂ ಹೋಗುತ್ತಿತ್ತು. ಅಷ್ಟೂ ಮದುವೆಗಳಲ್ಲಿ ಕ್ಯಾಮೆರಾದ ಹಿಂದೆಯೇ ಇದ್ದವನು, ನಾವಿಬ್ಬರೂ ಜೊತೆಗಿರುವ ಫೋಟೋ ಅಂತ ಬೇರೆ ಒಂದೂ ನನ್ನಲ್ಲಿ ಇರಲಿಲ್ಲ. ಎಲ್ಲವನ್ನೂ ಕಾಪಿ ಹಾಕಿದೆ.

ಅವನು ಓಡಿ ಬಂದು ಪರದೆ ನೋಡಿದ. ನನ್ನ ಮುಖ ನೋಡಿದ. ದನಿ ಇಳಿಸಿ, "ಅಣ್ಣ, ಆಲ್ಬಮಲ್ಲಿ ಇದನ್ನ ಬೇಕಾದ್ರೆ ಬಿಡುವ. ನಿಮ್ಮದು ಸ್ವಲ್ಪ..." ಎಂದ.

"ಸ್ವಲ್ಪ ಎಂತ?"

"ಗಂಭೀರ ಆಯ್ತು."

"ಇರ್ಲಿ. ಹಾಕು" ಎಂದೆ. "ಬೆಳಕು ಅಡ್ಡಿಲ್ಲ." ಇಷ್ಟು ಹೇಳಲು ಹಲ್ಲು ಕಚ್ಚಬೇಕಾಯಿತು. ಅವನು ಬಹುಮಾನ ಸಿಕ್ಕಿದವನ ಹಾಗೆ ನಿಂತಿದ್ದ. ನನಗೆ ಮತ್ತೆ ಮೈ ಉರಿಯಿತು.

ಮಳೆಗಾಲ ಮುಗಿದ ಮೇಲೆ ನರಸಿಂಹರಾಜಪುರದ ಅವಳ ಮನೆಗೆ ಊಟಕ್ಕೆ ಹೋಗಿದ್ದೆವು. ಜಗುಲಿ ದಾಟಿ ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ಅದೇ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕೆಳಗೆ ಮೂಲೆಯಲ್ಲಿ ಶೃಂಗೇರಿಯ ಅಂಗಡಿಯ ಹೆಸರು. ಗಂಡನ ಜೊತೆಗಿನ ಫೋಟೋ ಪಕ್ಕದಲ್ಲಿ ಸಣ್ಣದಾಗಿತ್ತು.

"ಬೇರೆ ಸಿಗ್ಲಿಲ್ವಾ ನಿಂಗೆ?" ಎಂದೆ.

"ಇದೇ ಬೇಕಿತ್ತು. ನಾನು ನಿಮ್ಮನ್ನೇ ನೋಡ್ತಾ ಇದ್ದೆ ಮಾವ. ನೀವು ಎಂತ ನೋಡ್ತಾ ಇದ್ರಿ?"

"ಬೆಳಕು" ಎಂದೆ.

ಹೆಂಡತಿ ಕೆಮ್ಮಿದಳು. ನಾನು ಆ ಗೋಡೆಗೆ ಬೆನ್ನು ಹಾಕಿ ಎಲೆಯ ಮುಂದೆ ಕೂತೆ. ಹುಡುಗಿ ಅನ್ನದ ಪಾತ್ರೆ ಕೆಳಗಿಟ್ಟು ನನ್ನೆದುರೇ ಬಂದು ಕೂತಳು.

"ಈಗ ಬೆಳಕು ಉಂಟಾ ಮಾವ?"

ನೋಡಿದೆ. ಕಿಟಕಿ ಅವಳ ಬೆನ್ನಿಗಿತ್ತು. ಗಲ್ಲ ಎತ್ತು ಎಂದು ಹೇಳಲಿಲ್ಲ.